ಸುಂಕದವನ ಮುಂದೆ ಹದಿನಾರಾಣೆ ನೋವು

ಕನ್ನಡ ಕಾವ್ಯದ ಸಂತೆಯಲ್ಲಿ ಅತ್ಯಂತ ಅಗ್ಗವಾಗಿ ಸಿಗುವ ಸರಕು ಯಾವುದು ಅಂದರೆ ನೋವು. ಯಾವ ಸಂಕಲನವನ್ನಾದರೂ ತೆಗೆಯಿರಿ. ಮುನ್ನುಡಿಯಲ್ಲೊಂದು ನೋವು, ಬೆನ್ನುಡಿಯಲ್ಲೊಂದು ನೋವು, ಒಳಗೆ ಪುಟಕ್ಕೊಂದರಂತೆ ನೋವು. ನವ್ಯರಿಗೆ ಅದು ಅಂತರಂಗದ ತಳಮಳ. ಪ್ರೇಮಕವಿಗಳಿಗೆ ವಿರಹ. ನಮ್ಮ ಬಂಡಾಯದವರಿಗೆ ಶತಮಾನಗಳ ನೋವು, ಕಿಚ್ಚಾಗುವ ನೋವು, ಕೆಂಡವಾಗುವ ನೋವು. ಇಷ್ಟೊಂದು ನೋವಿನ ರಾಶಿಯೊಳಗೆ ಕೈ ಹಾಕಿ ಹುಡುಕಿದರೆ ಒಂದು ಸೊಂಟನೋವು ಸಿಗುವುದು ಕಷ್ಟ. ರಾತ್ರಿ ಮೂರು ಗಂಟೆಗೆ ಎದ್ದು ಗೋಡೆಗೆ ಬೆನ್ನು ಒತ್ತಿಕೊಂಡು ಕೂರುವ ಹೆಂಗಸು ಸಿಗುವುದು ಕಷ್ಟ. ಮಾತ್ರೆ ನುಂಗಿ ನುಂಗಿ ಹೊಟ್ಟೆ ಹುಣ್ಣಾದ ಲೋಡರ್ ಸಿಗುವುದು ಕಷ್ಟ.

ಇದು ಬರೀ ಸಾಹಿತ್ಯದ ಕೊರತೆ ಆಗಿದ್ದರೆ ಸುಮ್ಮನಿರಬಹುದಾಗಿತ್ತು. ಆದರೆ ನೋವಿನ ಮದ್ದು ಯಾರಿಗೆ ಸಿಗಬೇಕು, ಯಾರಿಗೆ ಸಿಗಬಾರದು ಎಂಬ ತೀರ್ಮಾನವೂ ಮಾತಿನ ಮೇಲೆಯೇ ನಿಂತಿದೆ. ಜ್ವರಕ್ಕೆ ಥರ್ಮಾಮೀಟರ್ ಇದೆ, ಸಕ್ಕರೆ ಕಾಯಿಲೆಗೆ ರಕ್ತಪರೀಕ್ಷೆ ಇದೆ, ಮುರಿದ ಮೂಳೆಗೆ ಎಕ್ಸ್‌ರೇ ಇದೆ. ನೋವಿಗೆ ಅಂಥ ಸಾಕ್ಷಿ ಯಾವುದೂ ಇಲ್ಲ. ನೋಯುತ್ತದೆ ಅಂತ ಹೇಳುವವರ ಬಾಯಿಮಾತೇ ಸಾಕ್ಷಿ. ಹಾಗಾದರೆ ಯಾರ ಬಾಯಿಮಾತನ್ನು ಈ ದೇಶದ ಪಂಚಾಯ್ತಿಗಳು, ಠಾಣೆಗಳು, ಕಚೇರಿಗಳು ಯಾವತ್ತೂ ಸಾಕ್ಷಿಯೆಂದು ಬರೆದುಕೊಳ್ಳಲಿಲ್ಲವೋ ಅವರ ನೋವಿನ ಗತಿ ಏನು? ವಿಮರ್ಶೆ ಕೇಳಬೇಕಾದ ಪ್ರಶ್ನೆ ಇದು.

ನೋವಿನ ಬಗ್ಗೆ ಭಾಷಣ ಮಾಡುವವರೆಲ್ಲ ಅಕ್ಕಮಹಾದೇವಿಯ ಒಂದು ವಚನವನ್ನು ತಪ್ಪದೆ ಎತ್ತಿಕೊಳ್ಳುತ್ತಾರೆ. ನೊಂದವರ ಪಾಡು ನೋಯದವರಿಗೆ ತಿಳಿಯುವುದಿಲ್ಲ ಎಂಬ ಅರ್ಥದ ವಚನ. ಅಕ್ಕ ಅದನ್ನು ಒಳಗಿನ ಉರಿಯಿಂದ ಹೇಳಿದ್ದಳು. ನಮ್ಮ ಜಾಣರು ಅದನ್ನು ತಪ್ಪಿಸಿಕೊಳ್ಳುವ ಹಿಂಬಾಗಿಲು ಮಾಡಿಕೊಂಡಿದ್ದಾರೆ. ‘ನಿಮ್ಮ ನೋವು ನಮಗೆ ತಿಳಿಯೋದಿಲ್ಲ ಬಿಡಿ’ ಅಂತ ಕೈಮುಗಿದು ವೇದಿಕೆ ಇಳಿದು ಹೋಗುತ್ತಾರೆ. ಸ್ವಾಮಿ, ನಿಮಗೆ ತಿಳಿಯಬೇಕು ಅಂತ ಯಾರು ಕೇಳಿದರು? ನಂಬಿ ಅಂತ ಕೇಳಿದ್ದು.

ಮಾಗಡಿ ರಸ್ತೆಯಲ್ಲಿ ಕಾಮಾಕ್ಷಿಪಾಳ್ಯ ದಾಟಿ ಮುಂದೆ ಬಂದರೆ ಸುಂಕದಕಟ್ಟೆ. ಒಂದು ಕಡೆಗೆ ಪೀಣ್ಯದ ಕಾರ್ಖಾನೆಗಳು, ಸುತ್ತ ಹೆಗ್ಗನಹಳ್ಳಿ, ವಿಶ್ವನೀಡಂ, ಶ್ರೀಗಂಧಕಾವಲು. ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು, ಲೇತ್ ಮೆಷಿನ್ನಿನ ಮುಂದೆ ನಿಲ್ಲುವ ಹುಡುಗರು, ಪೌಡರ್ ಕೋಟಿಂಗ್, ಗಾರೆ ಕೆಲಸ, ಲೋಡಿಂಗು. ಊರಿನ ಹೆಸರೇ ಸುಂಕ ಎತ್ತುವ ಕಟ್ಟೆ. ಕನ್ನಡದಲ್ಲಿ ಒಂದು ಗಾದೆ ಇದೆ, ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಅಂತ. ಗಾಡಿ ಹೊಡೆದುಕೊಂಡು ಬಂದವನು ಮಳೆ ಹೋಯಿತು, ಎತ್ತು ಸತ್ತಿತು, ಹೆಂಡತಿಗೆ ಕಾಯಿಲೆ ಅಂತ ಗೋಳಾಡುತ್ತಾನೆ. ಸುಂಕದವನು ಗಾಡಿಯೊಳಗಿನ ಮೂಟೆ ಎಣಿಸುತ್ತಾನೆ. ಅವನೇನು ಕೆಟ್ಟವನಲ್ಲ. ಕಿವಿ ಇಟ್ಟುಕೊಂಡು ಕೂರುವುದು ಅವನ ನೌಕರಿಯ ಭಾಗವಲ್ಲ, ಅಷ್ಟೆ. ಇವತ್ತು ನೋವಿನ ಮದ್ದಿಗಾಗಿ ಆಸ್ಪತ್ರೆಯ ಮೇಜಿನ ಮುಂದೆ ನಿಲ್ಲುವ ಬಡವರಿಗೆ ಸಿಗುವುದು ಇಂಥ ಸುಂಕದವನೇ.

ನಮ್ಮ ದೊಡ್ಡವ್ವ, ಅಂದರೆ ಅವ್ವನ ಅಕ್ಕ, ನಲವತ್ತು ವರ್ಷ ಕಲ್ಲು ಹೊತ್ತು, ಜಲ್ಲಿ ಹೊತ್ತು, ಬೇರೆಯವರ ಮನೆ ಕಟ್ಟಿದವಳು. ಗರ್ಭಕೊರಳಿನ ಕ್ಯಾನ್ಸರ್ ಆಗಿ ಅದು ಬೆನ್ನುಮೂಳೆಗೆ ಇಳಿದಿತ್ತು. ಆಸ್ಪತ್ರೆಯ ಹೆಸರು ಬೇಡ, ಒಂದರ ಹೆಸರು ಹೇಳಿದರೆ ಮಿಕ್ಕವರು ತಮಗಲ್ಲ ಅಂದುಕೊಳ್ಳುತ್ತಾರೆ. ಎಳೆಯ ವಯಸ್ಸಿನ ಡಾಕ್ಟರು, ಒಳ್ಳೆಯವರೇ, ಕೇಳಿದರು:

“ಅಮ್ಮಾ, ಒಂದರಿಂದ ಹತ್ತರವರೆಗೆ ಅಂತ ಇಟ್ಟುಕೊಂಡರೆ ನೋವು ಎಷ್ಟಿದೆ?”

“ಹದಿನಾರಾಣೆ ಐತೆ ಬುದ್ಧಿ.”

“ಹಾಗಲ್ಲ, ಹತ್ತರೊಳಗೆ ಹೇಳಬೇಕು.”

“ಹತ್ತರೊಳಗೆ ಆಯ್ಕಿಲ್ವಲ್ಲ ಬುದ್ಧಿ” ಅಂದು ದೊಡ್ಡವ್ವ ನಕ್ಕಳು.

ಚೀಟಿಯಲ್ಲಿ ಆರು ಅಂತ ಬಿತ್ತು. ಹತ್ತರ ಅಳತೆಗೆ ಹದಿನಾರು ಹೇಳಿದವಳು ಅತಿ ಮಾಡುತ್ತಿದ್ದಾಳೆ ಅಂತ ಒಂದು ಲೆಕ್ಕ. ನಗುತ್ತಿದ್ದಾಳಲ್ಲ ಅಂತ ಇನ್ನೊಂದು ಲೆಕ್ಕ. ಒಂದು ರೂಪಾಯಿಗೆ ಹದಿನಾರಾಣೆ, ಅದಕ್ಕಿಂತ ಪೂರ್ತಿಯಾದದ್ದು ಆಕೆಯ ಲೋಕದಲ್ಲಿ ಯಾವುದೂ ಇಲ್ಲ ಎಂದು ಆ ಡಾಕ್ಟರಿಗೆ ಗೊತ್ತಿರಲಿಲ್ಲ. ದೊಡ್ಡವರ ಮುಂದೆ ಅಳಬಾರದು, ಅತ್ತರೆ ಅವರಿಗೆ ಬೇಜಾರಾಗುತ್ತದೆ ಎಂದು ಚಿಕ್ಕಂದಿನಿಂದ ಕಲಿತ ನಗು ಅದು ಎಂಬುದೂ ಗೊತ್ತಿರಲಿಲ್ಲ. ‘ಬುದ್ಧಿ’ ಅಂತ ಯಾಕೆ ಕರೆಯುತ್ತಾಳೆ ಎನ್ನುವುದಂತೂ ಅವರ ಪಠ್ಯದಲ್ಲೇ ಇರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, “ಸ್ಟ್ರಾಂಗ್ ಮಾತ್ರೆ ಬರೆದರೆ ಅಭ್ಯಾಸ ಆಗುತ್ತೆ. ಮನೆಯಲ್ಲಿ ಹುಡುಗರೂ ಇದ್ದೀರಿ” ಅಂದರು. ಚೀಟಿಯ ಮೇಲಿನ ವಿಳಾಸ ನೋಡಿದರು. “ಸುಂಕದಕಟ್ಟೆಯಾ?”

ಆ ‘ಯಾ’ ಎಂಬ ಒಂದು ಪ್ರತ್ಯಯದ ಮೇಲೆ ಒಂದು ವಿಮರ್ಶಾ ಪ್ರಬಂಧ ಬರೆಯಬಹುದು.

ಡಾಕ್ಟರೊಬ್ಬರನ್ನು ಬೈದು ಕೈ ತೊಳೆದುಕೊಳ್ಳುವುದು ಸುಲಭ. ಆದರೆ ಆ ಮಾತಿನ ಹಿಂದೆ ಒಂದು ಕಾಯ್ದೆ ನಿಂತಿದೆ. ೧೯೮೫ರ ನವೆಂಬರಿನಲ್ಲಿ ಜಾರಿಗೆ ಬಂದ ಮಾದಕ ದ್ರವ್ಯಗಳ ಕಾಯ್ದೆ, ಎಲ್ಲರೂ ಎನ್‌ಡಿಪಿಎಸ್ ಅನ್ನುವುದು ಇದನ್ನೇ. ಬ್ರಿಟಿಷರ ಕಾಲದ ಅಫೀಮು ಕಾಯ್ದೆಗಳನ್ನು ತೆಗೆದುಹಾಕಿ ಬಂದದ್ದು. ತಪ್ಪು ಸಾಬೀತಾದರೆ ಕಡಿಮೆಯೆಂದರೂ ಹತ್ತು ವರ್ಷ ಕಠಿಣ ಸಜೆ ಅಂತ ಇತ್ತು. ಅಮಲಿನ ವ್ಯಾಪಾರ ಮಾಡುವವರಿಗೆ ಬಲೆ ಅಂತ ಹೆಣೆದದ್ದು. ಔಷಧಿಯ ಬಳಕೆಗೆ ಕಾಯ್ದೆಯಲ್ಲಿ ಅವಕಾಶವೂ ಇತ್ತು. ಆದರೆ ಒಂದು ಆಸ್ಪತ್ರೆ ಮಾರ್ಫಿನ್ ತರಿಸಬೇಕೆಂದರೆ ಇಟ್ಟುಕೊಳ್ಳಲು ಒಂದು ಪರವಾನಗಿ, ಸಾಗಿಸಲು ಒಂದು, ರಾಜ್ಯದ ಒಳಗೆ ತರಲು ಒಂದು, ಆ ರಾಜ್ಯದಿಂದ ಹೊರಗೆ ಕಳಿಸಲು ಇನ್ನೊಂದು. ಇವೆಲ್ಲ ಒಂದೇ ಹೊತ್ತಿಗೆ ಜೀವಂತ ಇರಬೇಕು. ಒಂದು ಕೈಗೆ ಬರುವ ಹೊತ್ತಿಗೆ ಇನ್ನೊಂದರ ಅವಧಿ ಮುಗಿದಿರುತ್ತದೆ. ಹಲವು ರಾಜ್ಯಗಳಲ್ಲಿ ಈ ಕಾಗದಗಳಿಗೆ ಅಬಕಾರಿ ಇಲಾಖೆಯ ಬಾಗಿಲು ತಟ್ಟಬೇಕಿತ್ತು. ಅಂದರೆ ಅಕ್ಷರಶಃ ಸುಂಕದವನ ಬಾಗಿಲು.

ಫಲ ಏನಾಯಿತು? ದೇಶದಲ್ಲಿ ಔಷಧಿಯಾಗಿ ಬಳಕೆಯಾಗುತ್ತಿದ್ದ ಮಾರ್ಫಿನ್ನಿನ ಪ್ರಮಾಣ ನೂರಕ್ಕೆ ೯೭ರಷ್ಟು ಕುಸಿದು, ೧೯೯೭ರ ಹೊತ್ತಿಗೆ ವರ್ಷಕ್ಕೆ ೧೮ ಕಿಲೋಗ್ರಾಂಗೆ ಬಂದು ನಿಂತಿತು. ಇಡೀ ಭಾರತಕ್ಕೆ ಹದಿನೆಂಟು ಕಿಲೋ! ಒಂದು ಸಿಮೆಂಟು ಮೂಟೆಯ ಅರ್ಧಕ್ಕೂ ಕಡಿಮೆ. ನಮ್ಮ ದೊಡ್ಡವ್ವ ಒಂದೇ ತಲೆಹೊರೆಯಲ್ಲಿ ಅದನ್ನು ಎತ್ತಿ ಮೂರನೇ ಮಹಡಿಗೆ ಒಯ್ಯುತ್ತಿದ್ದಳು. ಇದರ ಜೊತೆಗೆ ಇನ್ನೊಂದು ತಾರೀಖನ್ನು ಇಟ್ಟು ನೋಡಿ. ಇಲ್ಲಿ ಬೀಗ ಬಿದ್ದ ಮರುವರ್ಷ, ೧೯೮೬ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ಕ್ಯಾನ್ಸರ್ ನೋವಿಗೆ ಮೂರು ಮೆಟ್ಟಿಲಿನ ಏಣಿ ಹಾಕಿಕೊಟ್ಟಿತು. ಮೊದಲ ಮೆಟ್ಟಿಲಿಗೆ ಸಾದಾ ನೋವಿನ ಮಾತ್ರೆ, ಎರಡನೆಯದಕ್ಕೆ ಕೋಡೀನ್ ಥರದ್ದು, ಮೂರನೆಯದಕ್ಕೆ ಬಾಯಿಂದ ನುಂಗುವ ಮಾರ್ಫಿನ್. ಜಗತ್ತು ಏಣಿ ಹಾಕುವ ಹೊತ್ತಿಗೆ ನಾವು ಮೂರನೇ ಮೆಟ್ಟಿಲನ್ನು ಕಿತ್ತು ಒಲೆಗೆ ಹಾಕಿಯಾಗಿತ್ತು.

ಇದರ ವ್ಯಂಗ್ಯ ಪೂರ್ತಿ ತಿಳಿಯಬೇಕಾದರೆ ಉತ್ತರಕ್ಕೆ ನೋಡಬೇಕು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರಕಾರವೇ ಲೈಸೆನ್ಸು ಕೊಟ್ಟು ಗಸಗಸೆ ಬೆಳೆಸಿ ಅಫೀಮಿನ ಅಂಟು ತೆಗೆಸುತ್ತದೆ. ಗಾಜೀಪುರ ಮತ್ತು ನೀಮಚ್‌ಗಳಲ್ಲಿ ಸರಕಾರಿ ಕಾರ್ಖಾನೆಗಳಿವೆ. ಗಾಜೀಪುರದ್ದು ೧೮೨೦ರಲ್ಲಿ ಕುಂಪಣಿಯವರು ಶುರುಮಾಡಿದ್ದು. ಚೀನಾದ ಜನಕ್ಕೆ ಪೆಟ್ಟಿಗೆಗಟ್ಟಲೆ ಅಮಲು ಮಾರಿದ ವ್ಯವಹಾರದ ಬೇರು ಅಲ್ಲಿದೆ. ಆಗ ಯಾರಿಗೂ ಅಭ್ಯಾಸ ಆಗಿಬಿಡುತ್ತದೆ ಎಂಬ ಭಯ ಇರಲಿಲ್ಲ. ಹೊರದೇಶಗಳ ಔಷಧಿ ಕಂಪನಿಗಳಿಗೆ ನಮ್ಮ ಅಂಟು ಹೋಯಿತು, ಅಲ್ಲಿನ ರೋಗಿಗಳ ನೋವು ಇಳಿಯಿತು. ಬೆಳೆದ ನೆಲದ ರೋಗಿಗೆ ಮಾತ್ರ ಅಭ್ಯಾಸದ ಉಪದೇಶ. ೨೦೧೭ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ಆಯೋಗವೊಂದು ಲೆಕ್ಕ ಹಾಕಿತು: ಆರೈಕೆ ಬೇಕಾದ ರೋಗಿಯೊಬ್ಬರಿಗೆ ವರ್ಷಕ್ಕೆ ಅಮೆರಿಕದಲ್ಲಿ ಸುಮಾರು ೫೫,೦೦೦ ಮಿಲಿಗ್ರಾಂ ಮಾರ್ಫಿನ್ನಿಗೆ ಸಮನಾದ ಮದ್ದು ಸಿಗುತ್ತಿದ್ದರೆ, ಭಾರತದಲ್ಲಿ ೪೩ ಮಿಲಿಗ್ರಾಂ. ಬೇಕಾದುದರಲ್ಲಿ ನೂರಕ್ಕೆ ನಾಲ್ಕು ಪಾಲು.

ಕಾಯ್ದೆ ೨೦೧೪ರಲ್ಲಿ ತಿದ್ದುಪಡಿ ಆಯಿತು. ಕೇರಳದ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಅವರ ಜೊತೆಗಾರರು ವರ್ಷಗಟ್ಟಲೆ ಬಾಗಿಲು ಕಾದದ್ದರ ಫಲ ಅದು. ಮಾರ್ಫಿನ್, ಫೆಂಟನಿಲ್, ಮೆಥಡೋನ್, ಆಕ್ಸಿಕೋಡೋನ್, ಕೋಡೀನ್, ಹೈಡ್ರೋಕೋಡೋನ್ ಈ ಆರನ್ನು ಅತ್ಯಾವಶ್ಯಕ ಔಷಧಿ ಅಂತ ಹೆಸರಿಸಿ, ನಾಲ್ಕೈದು ಪರವಾನಗಿಗಳ ಬದಲು ರಾಜ್ಯದ ಔಷಧ ನಿಯಂತ್ರಕರ ಒಂದೇ ಮಾನ್ಯತೆ ಸಾಕು ಅಂದರು. ಕಾಗದದ ಮೇಲೆ ಬೀಗ ತೆಗೆದಾಯಿತು. ಆದರೆ ಮೂವತ್ತು ವರ್ಷದಲ್ಲಿ ಎಷ್ಟು ತಲೆಮಾರಿನ ಡಾಕ್ಟರುಗಳು ಒಮ್ಮೆಯೂ ಮಾರ್ಫಿನ್ ಬರೆಯದೆ ಪಾಸಾಗಿ ಹೋಗಿದ್ದಾರೆ! ಎಂ.ಬಿ.ಬಿ.ಎಸ್. ಪಠ್ಯಕ್ಕೆ ಈ ಆರೈಕೆ ಕಡ್ಡಾಯವಾಗಿ ಬಂದದ್ದೇ ೨೦೧೯ರಲ್ಲಿ. ಕಾಯ್ದೆ ತಿದ್ದುವುದಕ್ಕೆ ಸಂಸತ್ತು ಸಾಕು. ಕೈಗೆ ಅಂಟಿದ ಭಯ ತಿದ್ದುವುದಕ್ಕೆ ಯಾವ ಸಂಸತ್ತೂ ಇಲ್ಲ. ಸುಂಕದಕಟ್ಟೆಯ ರೋಗಿ ಈಗಲೂ ಮೆಜೆಸ್ಟಿಕ್ಕಿಗೆ ಹೋಗಿ ಬಸ್ಸು ಬದಲಾಯಿಸಿ ಹೊಸೂರು ರಸ್ತೆಯ ಕಿದ್ವಾಯಿಗೋ, ನಗರದ ಪೂರ್ವದ ತುದಿಯಲ್ಲಿ ದುಡ್ಡು ತೆಗೆದುಕೊಳ್ಳದೆ ಆರೈಕೆ ಮಾಡುವ ಕರುಣಾಶ್ರಯಕ್ಕೋ ಹೋಗಬೇಕು. ಬೆನ್ನುಮೂಳೆ ಸವೆದವರು ಬೆಂಗಳೂರಿನ ಹಂಪುಗಳ ಮೇಲೆ ಬಸ್ಸಿನಲ್ಲಿ ಹೋಗುವುದು ಎಂಥದು ಅಂತ ಒಮ್ಮೆ ಯೋಚಿಸಿ. ಜೊತೆಗೆ ಹೋದವರ ಒಂದು ದಿನದ ಕೂಲಿ ಖೋತಾ. ಇದೂ ಸುಂಕವೇ.

ಹಾಗಂತ ಅಮಲಿನ ಭಯ ಸುಳ್ಳು ಅಂತ ನಾನು ಹೇಳುವುದಿಲ್ಲ. ಹೇಳಿದರೆ ನಮ್ಮ ಬೀದಿಯ ತಾಯಂದಿರು ನನ್ನ ಮುಖಕ್ಕೆ ಉಗಿಯುತ್ತಾರೆ. ನೋವಿನ ಮಾತ್ರೆಯನ್ನು ಅಮಲಿಗೆ ನುಂಗಿ, ಪುಡಿ ಮಾಡಿ ಸೂಜಿಯಲ್ಲಿ ಏರಿಸಿಕೊಂಡು, ಮೋರಿ ಪಕ್ಕ ಬಿದ್ದಿರುವ ಹುಡುಗರನ್ನು ನಾನೂ ಕಂಡಿದ್ದೇನೆ. ಅವರು ಯಾರೋ ಅಲ್ಲ, ನನ್ನ ಜೊತೆ ಕಾರ್ಪೊರೇಷನ್ ಸ್ಕೂಲಿನಲ್ಲಿ ಕೂತವರು. ಟ್ಯಾಪೆಂಟಡಾಲ್ ಮಾತ್ರೆಗಳನ್ನು ಪೊಲೀಸರು ಹಿಡಿದ ಸುದ್ದಿ ಬೆಂಗಳೂರಿನ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಟ್ರಮಡಾಲ್ ಮಾತ್ರೆಯನ್ನು ೨೦೧೮ರಲ್ಲಿ ಇದೇ ಎನ್‌ಡಿಪಿಎಸ್ ಪಟ್ಟಿಗೆ ಸೇರಿಸಿದ್ದೂ ಇಂಥ ಕಾರಣಕ್ಕೇ. ೨೦೨೫ರಲ್ಲಿ, ಮುಂಬೈ ಕಡೆಯ ಒಂದು ಕಂಪನಿ ಟ್ಯಾಪೆಂಟಡಾಲ್ ಬೆರೆಸಿದ ಮಾತ್ರೆಗಳನ್ನು ಪಶ್ಚಿಮ ಆಫ್ರಿಕಾದ ಬೀದಿಗಳಿಗೆ ಸಾಗಿಸುತ್ತಿದ್ದದ್ದು ಬಿಬಿಸಿಯ ವರದಿಯಿಂದ ಹೊರಬಿದ್ದ ಮೇಲೆ, ಕೇಂದ್ರ ಸರಕಾರ ಆ ಬೆರಕೆಯನ್ನು ಮಾಡುವುದನ್ನೂ ರಫ್ತು ಮಾಡುವುದನ್ನೂ ನಿಲ್ಲಿಸಬೇಕಾಯಿತು. ಅಮೆರಿಕದಲ್ಲಿ ಪರ್ಡ್ಯೂ ಎಂಬ ಕಂಪನಿ ೧೯೯೬ರಲ್ಲಿ ಆಕ್ಸಿಕಾಂಟಿನ್ ಮಾತ್ರೆ ತಂದು, ಅಭ್ಯಾಸವಾಗುವ ಅಪಾಯವನ್ನು ಮುಚ್ಚಿಟ್ಟು ಮಾರಿದ್ದಕ್ಕೆ ೨೦೦೭ರಲ್ಲಿ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡಿತು. ಅಷ್ಟರೊಳಗೆ ಊರಿಗೆ ಊರೇ ಹೆಣವಾಗಿದ್ದವು.

ಇದನ್ನೆಲ್ಲ ಗಮನವಿಟ್ಟು ಓದಿ ನೋಡಿ. ಮಾತ್ರೆ ಸೋರಿದ್ದು ಎಲ್ಲಿಂದ? ಕಾರ್ಖಾನೆಯಿಂದ, ಹೋಲ್‌ಸೇಲ್ ಗೋದಾಮಿನಿಂದ, ಲಾಭದ ಲೆಕ್ಕದ ಪುಸ್ತಕದಿಂದ. ಸಾಯುತ್ತಿರುವ ಮುದುಕಿಯ ದಿಂಬಿನ ಕೆಳಗಿನಿಂದಲ್ಲ. ಕೋಝಿಕ್ಕೋಡಿನ ಚಿಕಿತ್ಸಾಲಯದಲ್ಲಿ ಬಾಯಿಂದ ನುಂಗುವ ಮಾರ್ಫಿನ್ ಮನೆಗೆ ಒಯ್ದ ೧,೭೨೩ ರೋಗಿಗಳನ್ನು ಎರಡು ವರ್ಷ ಗಮನಿಸಿ ೨೦೦೧ರಲ್ಲಿ ಲ್ಯಾನ್ಸೆಟ್‌ನಲ್ಲಿ ವರದಿ ಮಾಡಿದರು. ಮದ್ದು ದುರುಪಯೋಗವಾದದ್ದು, ಬೇರೆ ಕೈಗೆ ಹೋದದ್ದು ಒಂದೂ ಕಾಣಲಿಲ್ಲ. ನಮ್ಮ ದೊಡ್ಡವ್ವ ತೀರಿಕೊಂಡ ಮೇಲೆ ಉಳಿದ ಹನ್ನೊಂದು ಮಾತ್ರೆಗಳನ್ನು, ಅವ್ವ ತಿಥಿ ಕಳೆಯುವ ಮೊದಲೇ, ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೋಗಿ ವಾಪಸು ಕೊಟ್ಟು ಬಂದಳು. ‘ಯಾರ್ದಾದ್ರೂ ನೋವಿಗೆ ಆಯ್ತದೆ’ ಅಂದಳು. ಅಲ್ಲಿನವರು ಎರಡು ಸಲ ಎಣಿಸಿಕೊಂಡರು.

ಹೌದು, ಆಕೆಗೆ ಕೊನೆಗೆ ಮಾರ್ಫಿನ್ ಸಿಕ್ಕಿತು. ಏಳು ವಾರ ಅಲೆದ ಮೇಲೆ, ಬೇರೊಂದು ಕಡೆ, ಒಬ್ಬ ನರ್ಸಮ್ಮ ಕೈ ಹಿಡಿದುಕೊಂಡು ‘ಎಲ್ಲೆಲ್ಲಿ ನೋಯ್ತದೆ ಹೇಳವ್ವ’ ಅಂತ ಕೇಳಿದ ಮೇಲೆ. ಅವತ್ತು ರಾತ್ರಿ ದೊಡ್ಡವ್ವ ಮಲಗಿದಳು. ಅದಕ್ಕೆ ಮುಂಚಿನ ಏಳು ವಾರದ ಲೆಕ್ಕ ಯಾವ ರಿಜಿಸ್ಟರಿನಲ್ಲೂ ಇಲ್ಲ. ಅಮಲಿಗೆ ಬಿದ್ದ ಹುಡುಗ ಸತ್ತರೆ ಅದು ಅಂಕಿ ಅಂಶ ಆಗುತ್ತದೆ, ಆಗಬೇಕು. ನಿದ್ದೆಯಿಲ್ಲದೆ ಕೂತ ಮುದುಕಿ ಯಾವ ಅಂಕಿಯೂ ಆಗುವುದಿಲ್ಲ.

ಇನ್ನೊಂದು ಮಾತು ಸ್ಪಷ್ಟವಾಗಿರಲಿ. ನೋವು ಅಂದ ಕೂಡಲೇ ಮಾರ್ಫಿನ್ ಕೊಡಿ ಅನ್ನುವುದು ಈ ಬರಹದ ವಾದ ಅಲ್ಲ. ನಮ್ಮವ್ವನಿಗೆ ಹದಿನೆಂಟು ವರ್ಷದ ಗಾರ್ಮೆಂಟ್ಸಿನ ಬೆನ್ನುನೋವಿದೆ. ಅದಕ್ಕೆ ಬೇಕಾದ್ದು ಬೆನ್ನು ಆನಿಸುವ ಕುರ್ಚಿ, ಗಂಟೆಗೊಮ್ಮೆ ಎದ್ದು ನಿಲ್ಲುವ ಹಕ್ಕು, ಪಕ್ಕದಲ್ಲೇ ಒಬ್ಬ ಫಿಜಿಯೋಥೆರಪಿಯವರು. ಪರ್ಡ್ಯೂ ಕಂಪನಿ ಮಾಡಿದ್ದು ಇದನ್ನೇ. ಕೆಲಸದಲ್ಲಿ ಸವೆದ ಬೆನ್ನಿಗೆ ಕುರ್ಚಿಯ ಬದಲು ಮಾತ್ರೆ ಮಾರಿತು. ಆದರೆ ಅವ್ವನಿಗೆ ಸಿಗುವುದು ಏನು? ಮೆಡಿಕಲ್ ಸ್ಟೋರಿನ ಹುಡುಗ ಚೀಟಿ ಕೇಳದೆ ಕತ್ತರಿಸಿ ಕೊಡುವ ಡೈಕ್ಲೋಫೆನಾಕ್ ಪಟ್ಟಿ. ವರ್ಷಗಟ್ಟಲೆ ತಿಂದರೆ ಹೊಟ್ಟೆಯಲ್ಲಿ ಹುಣ್ಣು, ಕಿಡ್ನಿಗೆ ಕೇಡು. ಚೀಟಿ ಬೇಕು ಅಂತ ಕಾನೂನು ಇದಕ್ಕೂ ಇದೆ. ಇದಕ್ಕೆ ಯಾರೂ ಹೆದರುವುದಿಲ್ಲ, ಯಾಕೆಂದರೆ ಇದರಿಂದ ಅಮಲಾಗುವುದಿಲ್ಲ. ಕಿಡ್ನಿ ಹೋಗುತ್ತದೆ, ಅಷ್ಟೆ. ಸತ್ತ ದನದ ಮೈಯಲ್ಲಿ ಉಳಿದ ಇದೇ ಮದ್ದು ರಣಹದ್ದುಗಳನ್ನು ಕೊಲ್ಲುತ್ತಿದೆ ಅಂತ ತಿಳಿದಾಗ ೨೦೦೬ರಲ್ಲಿ ಸರಕಾರ ದನಗಳಿಗೆ ಅದನ್ನು ನಿಷೇಧಿಸಿತು. ೨೦೧೨ರಲ್ಲಿ ಇಲ್ಲೇ ರಾಮನಗರದ ರಾಮದೇವರ ಬೆಟ್ಟವನ್ನು ರಣಹದ್ದುಗಳ ಧಾಮ ಮಾಡಿದರು. ಒಳ್ಳೆಯ ಕೆಲಸ, ಹದ್ದುಗಳು ಬದುಕಲಿ. ಅದೇ ಮದ್ದು ತಿನ್ನುವ ಗಾರ್ಮೆಂಟ್ಸಿನ ಹೆಂಗಸರ ಕಿಡ್ನಿಯನ್ನೂ ಯಾರಾದರೂ ಎಣಿಸಲಿ.

ಗಂಡಸರ ನೋವಿನ ಮದ್ದು ಬೇರೆ. ದಿನವಿಡೀ ಮೂಟೆ ಹೊತ್ತವನು ಸಂಜೆ ಬಾರಿಗೆ ಹೋಗಿ ಒಂದು ಪ್ಯಾಕೆಟ್ ಹರಿಯುತ್ತಾನೆ. ಅದರಿಂದ ರಾಜ್ಯಕ್ಕೆ ವರ್ಷಕ್ಕೆ ೩೦,೦೦೦ ಕೋಟಿ ರೂಪಾಯಿಗೂ ಮೀರಿದ ಅಬಕಾರಿ ಸುಂಕ ಬರುತ್ತದೆ. ಕುಡುಕ ಅಂತ ಅವನಿಗೆ ಹೆಸರು. ಸುಂಕ ಎತ್ತಿದವರಿಗೆ ಅಭ್ಯಾಸದ ಚಿಂತೆ ಆ ಹೊತ್ತಿಗೆ ಬರುವುದಿಲ್ಲ. ಹತ್ತು ಮಿಲಿಗ್ರಾಂ ಮಾರ್ಫಿನ್ ಮಾತ್ರೆಗೆ ಕೆಲವೇ ರೂಪಾಯಿ. ಅದರಲ್ಲಿ ಕಂಪನಿಗೂ ಲಾಭವಿಲ್ಲ, ಸರಕಾರಕ್ಕೂ ಸುಂಕವಿಲ್ಲ. ಆ ಮದ್ದಿನ ಪರವಾಗಿ ಮಾತಾಡುವವರು ಯಾಕಿಲ್ಲ ಅಂತ ಇನ್ನು ಬಿಡಿಸಿ ಹೇಳಬೇಕಿಲ್ಲ.

ಮತ್ತೆ ಭಾಷೆಯ ಪ್ರಶ್ನೆಗೆ ಬರುತ್ತೇನೆ. ನಮ್ಮ ಕಾಯ್ದೆ ಬಂದ ೧೯೮೫ರಲ್ಲೇ ಅಮೆರಿಕದ ಎಲೇನ್ ಸ್ಕ್ಯಾರಿ ಎಂಬಾಕೆ ‘ದಿ ಬಾಡಿ ಇನ್ ಪೇನ್’ ಎಂಬ ಪುಸ್ತಕ ಬರೆದರು. ತೀವ್ರವಾದ ನೋವು ಭಾಷೆಯನ್ನೇ ನಾಶ ಮಾಡುತ್ತದೆ, ನೋಯುವವರಿಗೆ ಅದು ನಿಶ್ಚಯ, ಕೇಳುವವರಿಗೆ ಅದು ಅನುಮಾನ ಎಂಬುದು ಅವರ ವಾದದ ಒಂದು ಎಳೆ. ಎರಡನೆಯ ಮಾತನ್ನು ನಾನು ಒಪ್ಪುತ್ತೇನೆ, ‘ಸುಂಕದಕಟ್ಟೆಯಾ’ ಎಂಬ ಪ್ರಶ್ನೆಯೇ ಅದಕ್ಕೆ ಸಾಕ್ಷಿ. ಮೊದಲನೆಯದನ್ನು ಒಪ್ಪುವುದು ಕಷ್ಟ. ನಮ್ಮ ವಠಾರದಲ್ಲಿ ನೋವು ಭಾಷೆಯನ್ನು ನಾಶ ಮಾಡಿದ್ದನ್ನು ನಾನು ಕಂಡಿಲ್ಲ, ಹುಟ್ಟಿಸಿದ್ದನ್ನು ಕಂಡಿದ್ದೇನೆ. ದೊಡ್ಡವ್ವನ ಬಾಯಲ್ಲಿ ನೋವು ಎಂಬ ಒಂದು ಪದ ಇರಲೇ ಇಲ್ಲ. ಮೂಳೆ ಕೊರೀತದೆ. ಸೊಂಟ ಕಡೀತದೆ. ನರ ಸೆಳೀತದೆ. ಅಂಗಾಲು ಉರೀತದೆ. ತೊಡೆ ಜುಮುಗುಡ್ತದೆ. ಹೊಟ್ಟೆ ಹಿಂಡ್ತದೆ. ಪಕ್ಕೆಗೆ ಚಳಕು ಹೊಡೀತದೆ. ಒಂದೊಂದೂ ಬೇರೆ, ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿದರೆ ‘ಅದಲ್ಲ ಕಣ್ಲಾ’ ಅಂತ ತಿದ್ದುತ್ತಿದ್ದಳು. ಯಾವ ಕವಿಗೆ ಇಷ್ಟು ನಿಖರತೆ ಇದೆ?

ಇದು ಬರೀ ಕಾವ್ಯದ ಚೆಲುವಿನ ಮಾತೂ ಅಲ್ಲ. ಉರಿಯುವುದು, ಜುಮುಗುಡುವುದು, ಕರೆಂಟು ಹೊಡೆದ ಹಾಗೆ ಆಗುವುದು ನರದ ನೋವಿನ ಗುರುತು. ಅದಕ್ಕೆ ಮಾರ್ಫಿನ್ನಿಗಿಂತ ಮೊದಲು ಅಮಿಟ್ರಿಪ್ಟಿಲಿನ್, ಗಾಬಪೆಂಟಿನ್ ಥರದ ಬೇರೆ ಮದ್ದುಗಳಿವೆ. ಒಳಗೆ ಕೊರೆಯುವುದು ಮೂಳೆಯ ನೋವು, ಅದರ ದಾರಿ ಬೇರೆ. ಅಂದರೆ ದೊಡ್ಡವ್ವನ ಕ್ರಿಯಾಪದಗಳೇ ಅರ್ಧ ರೋಗಪತ್ತೆ. ಕೆನಡಾದ ರೊನಾಲ್ಡ್ ಮೆಲ್ಜಾಕ್ ಎಂಬ ವಿಜ್ಞಾನಿಗೆ ಇದು ಗೊತ್ತಿತ್ತು. ಅವರು ನೋವನ್ನು ವರ್ಣಿಸುವ ಪದಗಳನ್ನು ಕೂಡಿಹಾಕಿ, ೭೮ ಪದಗಳನ್ನು ಇಪ್ಪತ್ತು ಗುಂಪು ಮಾಡಿ, ೧೯೭೫ರಲ್ಲಿ ಒಂದು ಪ್ರಶ್ನಾವಳಿ ಪ್ರಕಟಿಸಿದರು. ನಿಘಂಟುಕಾರನ ಕೆಲಸ ಅದು. ನಮ್ಮ ಒ.ಪಿ.ಡಿ.ಯ ಮೇಜಿನ ಮೇಲೆ ಮಾತ್ರ ಆ ಕೆಲಸ ಒಂದರಿಂದ ಹತ್ತು ಎಂಬ ಮಗ್ಗಿಯಾಗಿ ಒಣಗಿಹೋಗಿದೆ. ದಿನಕ್ಕೆ ಇನ್ನೂರು ರೋಗಿಗಳನ್ನು ನೋಡುವ ಡಾಕ್ಟರಿಗೆ ಅಷ್ಟೇ ಹೊತ್ತಿರುವುದು, ನಿಜ. ಆ ಹೊತ್ತು ಯಾರಿಗೆ ಎಷ್ಟು ಹಂಚಿಕೆಯಾಗುತ್ತದೆ ಅನ್ನುವುದೂ ಅಷ್ಟೇ ನಿಜ. ಇಂಗ್ಲಿಷಿನಲ್ಲಿ ಹೇಳಿಕೊಂಡ ನೋವಿಗೆ ಐದು ನಿಮಿಷ ಸಿಗುವುದನ್ನು ಬೆಂಚಿನ ಮೇಲೆ ಕೂತು ನೋಡಿದವನು ನಾನು.

ಇನ್ನು ನಮ್ಮ ಬಳಗದ ಮಾತು. ಬೇರೆಯವರನ್ನು ಬೈದು ನಮ್ಮವರನ್ನು ಬಿಟ್ಟರೆ ಅದು ವಿಮರ್ಶೆಯಾಗುವುದಿಲ್ಲ. ಇದೇ ಮಾಗಡಿ ಸೀಮೆಯ ಮಂಚನಬೆಲೆಯಲ್ಲಿ ಹುಟ್ಟಿದ ಸಿದ್ದಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ೧೯೭೫ರಲ್ಲಿ ಬಂದಾಗ ಕನ್ನಡ ಪದ್ಯದೊಳಕ್ಕೆ ಮೊದಲ ಸಲ ಹೊರೆ ಹೊತ್ತ ಬೆನ್ನುಗಳು ಸಾಲುಗಟ್ಟಿ ಬಂದವು. ಆ ಪುಸ್ತಕದ ದೊಡ್ಡತನ ಇರುವುದು ಅಲ್ಲೇ. ಅಲ್ಲಿ ನೋವು ಮೈಯಲ್ಲಿದೆ, ಹೆಸರಿಲ್ಲದ ಆಕಾಶದಲ್ಲಿಲ್ಲ. ಆದರೆ ಆ ಬೆನ್ನುಗಳಿಗೆ ಈಗ ವಯಸ್ಸಾಗಿದೆ. ಆಗ ಇಪ್ಪತ್ತರ ಹರೆಯದಲ್ಲಿ ಕಲ್ಲು ಹೊತ್ತವರಿಗೆ ಈಗ ಎಪ್ಪತ್ತು. ಡಿಸ್ಕು ಸರಿದಿದೆ, ಮಂಡಿ ಸವೆದಿದೆ, ಕೆಲವರಿಗೆ ದೊಡ್ಡ ಕಾಯಿಲೆ ಹಿಡಿದಿದೆ. ನಾವು ಮಾತ್ರ ಆ ಬೆನ್ನುಗಳನ್ನು ಇನ್ನೂ ೧೯೭೫ರ ಮೆರವಣಿಗೆಯಲ್ಲೇ ನಿಲ್ಲಿಸಿದ್ದೇವೆ. ಅವು ಮುಷ್ಟಿ ಎತ್ತಬೇಕು, ಸಿಡಿಯಬೇಕು, ಕಿಚ್ಚಾಗಬೇಕು. ಕೂರುವುದಕ್ಕೆ ಆಗುತ್ತಿಲ್ಲ ಕಣಪ್ಪ ಅಂತ ಅವು ಹೇಳಿದರೆ ನಮ್ಮ ಪದ್ಯಕ್ಕೆ ಕಿವಿಯಿಲ್ಲ. ನೋವು ಇಳಿದುಬಿಟ್ಟರೆ ಕ್ರಾಂತಿಗೆ ಸೌದೆ ಎಲ್ಲಿಂದ ತರುವುದು ಎಂಬ ಆತಂಕ ನಮ್ಮ ಕೆಲವು ಕವಿಗಳ ಒಳಗೆ ಕೂತಿರುವಂತಿದೆ. ರೋಗಿಗೆ ಮದ್ದು ಕೊಟ್ಟರೆ ಅಭ್ಯಾಸ ಆಗುತ್ತದೆ ಎನ್ನುವ ಡಾಕ್ಟರಿಗೂ, ನೋವು ಆರಿದರೆ ಹೋರಾಟ ಆರುತ್ತದೆ ಎನ್ನುವ ಕವಿಗೂ ಏನು ವ್ಯತ್ಯಾಸ? ಇಬ್ಬರಿಗೂ ನೋವು ಹಾಗೇ ಇರಬೇಕು.

ದೇವನೂರ ಮಹಾದೇವರ ‘ಒಡಲಾಳ’ದಲ್ಲಿ ಸಾಕವ್ವ ಕಳೆದುಹೋದ ಹುಂಜವನ್ನು ಹುಡುಕುತ್ತಾಳೆ. ಆ ಹುಂಜಕ್ಕೆ ಯಾರು ಏನೇ ಅರ್ಥ ಹಚ್ಚಲಿ, ಸಾಕವ್ವನಿಗೆ ಅದು ಹುಂಜ. ಆ ಕಥೆ ಇವತ್ತಿಗೂ ಉಸಿರಾಡುತ್ತಿರುವುದು ಬರೆದವರು ಸಾಕವ್ವನ ಮಾತನ್ನು ನಂಬಿದ್ದರಿಂದ. ಸೊಂಟನೋವನ್ನೂ ಹಾಗೆ ಸೊಂಟನೋವಾಗಿಯೇ ಇರಗೊಡುವ ಧೈರ್ಯ ನಮ್ಮ ಪದ್ಯಕ್ಕೆ ಬೇಕಾಗಿದೆ.

ಧೈರ್ಯ ಬೇಕಾದ್ದು ಸರಕಾರಕ್ಕೂ ಹೌದು. ೨೦೨೫ರ ಜನವರಿ ಕೊನೆಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆ ಘನತೆಯಿಂದ ಸಾಯುವ ಹಕ್ಕಿನ ಬಗ್ಗೆ ಸುತ್ತೋಲೆ ಹೊರಡಿಸಿತು. ಗುಣವಾಗುವ ದಾರಿಯೇ ಇಲ್ಲದ ರೋಗಿಯ ಜೀವರಕ್ಷಕ ಯಂತ್ರಗಳನ್ನು ಸುಪ್ರೀಂ ಕೋರ್ಟು ಹೇಳಿದ ಕ್ರಮದಲ್ಲಿ ತೆಗೆಯಬಹುದು ಅಂತ. ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮನವರು ಇಂಥ ಹಕ್ಕಿಗಾಗಿ ಎರಡು ದಶಕಕ್ಕೂ ಹೆಚ್ಚು ಕಾಲ ಕಾಗದ ಬರೆದವರು. ಅವರದ್ದೂ ಬೆನ್ನುಮೂಳೆಯ ಡಿಸ್ಕಿನ ನೋವಿನಿಂದ ನರಳಿದ ಬದುಕು. ಆ ಸುತ್ತೋಲೆಯನ್ನು ನಾನು ಗೌರವದಿಂದಲೇ ಓದಿದೆ. ಆದರೆ ಯಂತ್ರ ತೆಗೆಯುವ ಪ್ರಶ್ನೆ ಬರುವುದು ಐ.ಸಿ.ಯು. ತನಕ ಹೋದವರಿಗೆ. ಚಾಪೆಯ ಮೇಲೆ ಮಲಗಿ ಸಾಯುವವರಿಗೆ ತೆಗೆಯುವುದಕ್ಕೆ ಯಾವ ಯಂತ್ರವೂ ಇರುವುದಿಲ್ಲ. ಇರುವುದು ನೋವು ಒಂದೇ, ಅದನ್ನು ತೆಗೆಯುವ ಸುತ್ತೋಲೆ ಅವರ ಬೀದಿಗೆ ಇನ್ನೂ ಬಂದಿಲ್ಲ.

ಆಗದ ಕೆಲಸವನ್ನು ನಾನು ಕೇಳುತ್ತಿಲ್ಲ. ಕೇರಳ ೨೦೦೮ರಲ್ಲೇ ಇದಕ್ಕೆ ಒಂದು ನೀತಿ ಮಾಡಿ, ಪಂಚಾಯ್ತಿ ಮಟ್ಟದಲ್ಲಿ ನರ್ಸುಗಳನ್ನು ಮನೆಬಾಗಿಲಿಗೆ ಕಳಿಸಿತು. ಇಲ್ಲಿ ೨೦೨೨-೨೩ರಲ್ಲಿ ಶುರುವಾದ ನಮ್ಮ ಕ್ಲಿನಿಕ್‌ಗಳಿವೆ, ಆಶಾ ಕಾರ್ಯಕರ್ತೆಯರಿದ್ದಾರೆ, ಮನೆ ಮನೆ ಅವರಿಗೆ ಗೊತ್ತು. ಮಾನ್ಯತೆ ಇರುವ ಆಸ್ಪತ್ರೆಯಿಂದ ಒಬ್ಬ ತರಬೇತಾದ ನರ್ಸು ವಾರಕ್ಕೊಮ್ಮೆ ಮಾಗಡಿ ರಸ್ತೆಗೆ ಬರಲಿ. ಮಾತ್ರೆ ಎಣಿಸಿ ಕೊಡಲಿ, ಎಣಿಸಿ ವಾಪಸು ತಗೊಳ್ಳಲಿ. ಎಣಿಸುವುದಕ್ಕೆ ನಮ್ಮ ಹೆಂಗಸರ ತಕರಾರಿಲ್ಲ. ಎಣಿಸುವ ಮುಂಚೆ ಒಂದು ಸಲ ಕೇಳಿಸಿಕೊಳ್ಳಲಿ.

ಕವಿಮಿತ್ರರಲ್ಲಿ ನನ್ನದೊಂದು ಕೋರಿಕೆ. ಸಂಪಾದಕರಿಗೂ ಹೇಳಿದ್ದೇನೆ, ಅವರು ಒಪ್ಪಿದ್ದಾರೆ. ಮುಂದಿನ ಸಂಚಿಕೆಗೆ ನಿಮ್ಮ ಮನೆಯ, ಬೀದಿಯ ಒಂದು ಮೈನೋವಿನ ಬಗ್ಗೆ ಬರೆದು ಕಳಿಸಿ. ಪದ್ಯವಾದರೂ ಸರಿ, ಪದ್ಯವಾಗದಿದ್ದರೂ ಸರಿ. ಕಿಚ್ಚು, ಕೆಂಡ, ಜ್ವಾಲೆ ಬೇಡ. ಎಲ್ಲಿ ನೋಯುತ್ತದೆ, ಯಾವಾಗಿನಿಂದ, ಹೇಗೆ, ಯಾರ ಹತ್ತಿರ ಹೋಗಿದ್ದಿರಿ, ಅವರು ಏನಂದರು, ಅಷ್ಟು ಬರೆಯಿರಿ. ನೋಯುವವರು ಬಳಸಿದ ಪದವನ್ನು ತಿದ್ದಬೇಡಿ.